√ಎಕ್ಸ್, ∛ಎಕ್ಸ್ ಎರಡೂ ಇದ್ದರೆ ಯಾವುದನ್ನು ಟಿ ಅಂತ ಹಿಡಿಯಬೇಕು?

ಸಪ್ತಾಪುರದ ಹುಡುಗ, ಧಾರವಾಡ:
ಸರ್, ನಾನು ಸೆಕೆಂಡ್ ಪಿಯುಸಿ. ಈ ಇಂಟಿಗ್ರೇಷನ್ ಬಗೆಹರೀತಿಲ್ಲ. ಮೇಲೆ ಬರೀ 1, ಕೆಳಗೆ √ಎಕ್ಸ್ + ∛ಎಕ್ಸ್. ಮಿತಿ 1ರಿಂದ 64. √ಎಕ್ಸ್ = ಟಿ ಅಂತ ಹಿಡಿದರೆ ಘನಮೂಲ ಅಲ್ಲೇ ಕೂತಿರುತ್ತೆ. ∛ಎಕ್ಸ್ = ಟಿ ಅಂದರೆ ವರ್ಗಮೂಲ ಉಳಿಯುತ್ತೆ. ಗೈಡಿನಲ್ಲಿ ‘ಎಕ್ಸ್ = ಟಿ⁶’ ಅಂತ ಬರೆದು ಮುಂದೆ ಹೋಗಿದ್ದಾರೆ. ಆ 6 ಎಲ್ಲಿಂದ ಬಂತು?

ನಿವೃತ್ತ ಮಾಸ್ತರ್, ಹುಬ್ಬಳ್ಳಿ:
ತಮ್ಮಾ, ಅದು 2 ಮತ್ತು 3ರ ಲಸಾಅ. ಅಷ್ಟೇ. ಎಕ್ಸ್ = ಟಿ⁶ ಅಂದರೆ √ಎಕ್ಸ್ = ಟಿ³, ∛ಎಕ್ಸ್ = ಟಿ². ಮೂಲದ ಚಿಹ್ನೆ ಒಂದೂ ಉಳಿಯಲ್ಲ, ಅಲ್ವಾ? ನಾಲ್ಕನೇ ಮೂಲ, ಆರನೇ ಮೂಲ ಕೊಟ್ಟರೆ 12 ಹಿಡಿ.

ಈಗ ಡಿಎಕ್ಸ್ = 6ಟಿ⁵ ಡಿಟಿ. (ಇದನ್ನು ಬಿಟ್ಟವರ ಪೇಪರ್ ತಿದ್ದಿ ತಿದ್ದಿ ಎಷ್ಟು ಕೆಂಪು ಪೆನ್ನು ಖಾಲಿ ಮಾಡಿದ್ದೇನೋ!) ಒಳಗೆ 6ಟಿ⁵/(ಟಿ³ + ಟಿ²) ಆಯಿತು. ಟಿ² ಹೊಡೆದುಹಾಕಿದರೆ 6ಟಿ³/(ಟಿ + 1). ಮೇಲಿನ ಘಾತ ಜಾಸ್ತಿ ಇದೆ, ಹಾಗಾಗಿ ಮೊದಲು ಭಾಗಿಸಬೇಕು. ಉದ್ದ ಭಾಗಾಕಾರ ಬೇಡ. ಟಿ³ ಅನ್ನು (ಟಿ³ + 1) − 1 ಅಂತ ಬರಿ, ತಾನೇ ಬಿಚ್ಚಿಕೊಳ್ಳುತ್ತೆ:
6(ಟಿ² − ಟಿ + 1) − 6/(ಟಿ + 1)
ಇಂಟಿಗ್ರೇಟ್ ಮಾಡಿದರೆ 2ಟಿ³ − 3ಟಿ² + 6ಟಿ − 6 ಲಾಗ್(ಟಿ + 1).

ಮಿತಿಯನ್ನೂ ಬದಲಿಸು. ಎಕ್ಸ್ 1 ಇದ್ದಾಗ ಟಿ 1, ಎಕ್ಸ್ 64 ಇದ್ದಾಗ ಟಿ 2. ಮತ್ತೆ ಎಕ್ಸ್‌ಗೆ ವಾಪಸ್ ಬರುವ ಗೋಜೇ ಇಲ್ಲ. ಉತ್ತರ 11 − 6 ಲಾಗ್(3/2), ಸುಮಾರು 8.57. ಪ್ರಶ್ನೆ ತೆಗೆದವರು 64 ಅಂತ ಸುಮ್ನೆ ಕೊಟ್ಟಿಲ್ಲ ನೋಡು. ಅದು 2⁶. ಸುಳಿವು ಮಿತಿಯಲ್ಲೇ ಇತ್ತು.

ಬಿಎಸ್ಸಿ, ಗದಗ:
ಸರ್, ಒಂದು ಮಾತು ಸೇರಿಸ್ತೀನಿ. ಮೂಲ ಕಂಡ ಕಡೆಯೆಲ್ಲ ಲಸಾಅ ಹುಡುಕೋದು ಬೇಡ. (ಕಾಸ್ √ಎಕ್ಸ್)/√ಎಕ್ಸ್ ಬಂದರೆ √ಎಕ್ಸ್ = ಟಿ ಸಾಕು. ಅದರ ಡೆರಿವೇಟಿವ್ 1/(2√ಎಕ್ಸ್), ಆ 2 ಬಿಟ್ಟರೆ ಪಕ್ಕದಲ್ಲೇ ಇದೆ. ಉತ್ತರ 2 ಸೈನ್ √ಎಕ್ಸ್ + ಸಿ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಮಿತಿ ಇಲ್ಲದ ಇಂಟಿಗ್ರಲ್ ಬಂದರೆ ನಾನು ನಾಲ್ಕು ಆಯ್ಕೆಗಳನ್ನೇ ಡಿಫರೆನ್ಶಿಯೇಟ್ ಮಾಡಿ ನೋಡುತ್ತಿದ್ದೆ.

ನಿವೃತ್ತ ಮಾಸ್ತರ್, ಹುಬ್ಬಳ್ಳಿ:
ಸಿಇಟಿಗೆ ನಡೆಯುತ್ತೆ ತಂಗಿ. ಬೋರ್ಡ್ ಪರೀಕ್ಷೆಯಲ್ಲಿ ಹಂತಕ್ಕೆ ಮಾರ್ಕ್ಸು, ಅಲ್ಲಿ ಈ ಆಟ ಇಲ್ಲ. ತಮ್ಮಾ, ಈಗ ಘನಮೂಲದ ಜಾಗದಲ್ಲಿ ನಾಲ್ಕನೇ ಮೂಲ ಇಟ್ಟು 1ರಿಂದ 16ರವರೆಗೆ ಮಾಡಿ ಹಾಕು.

ಸಪ್ತಾಪುರದ ಹುಡುಗ, ಧಾರವಾಡ:
ಟಿ⁴ ಹಿಡಿದೆ ಸರ್. 2 + 4 ಲಾಗ್(3/2) ಬಂತು.