ಕಡ್ಡಿಗಳ ಶಯನಾಗಾರ

ವನಜಾ ತಾನು ಹೊಲಿದ ಹೆಣಿಗೆ ಕಡ್ಡಿಗಳ ಸುರುಳಿಚೀಲದ ಲಾಡಿ ಬಿಚ್ಚಿ ಅದನ್ನು ಮೇಜಿನ ಉದ್ದಕ್ಕೂ ಬಿಡಿಸಿದಾಗ ಮೇಷ್ಟ್ರು ತಮ್ಮ ಕನ್ನಡಕವನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳಬೇಕಾಯಿತು, ಏಕೆಂದರೆ ಮೇಜಿನ ಮೇಲೆ ಬೇರೆ ಯಾವುದಕ್ಕೂ ಜಾಗ ಉಳಿದಿರಲಿಲ್ಲ.

"ಹೊರಗೆ ಹೂವಿನ ಹತ್ತಿಬಟ್ಟೆ, ಒಳಗೆ ಅಸ್ತರು, ನಡುವೆ ಗಡಸಾಗಿರಲೆಂದು ಬಕ್ರಂ ಬಟ್ಟೆ, ಸುತ್ತಲೂ ಓರೆಯಾಗಿ ಕತ್ತರಿಸಿದ ಪಟ್ಟಿಯ ಅಂಚು," ಎಂದು ಅವಳು ಪರಿಚಯ ಆರಂಭಿಸಿದಳು. "ಹತ್ತಿ ಕುಗ್ಗುತ್ತದೆಂದು ಬಟ್ಟೆಯನ್ನು ಮೊದಲೇ ಒಗೆದು, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿದ್ದೇನೆ. ಪ್ರತಿಯೊಂದು ಜೇಬಿನ ಬಾಯಲ್ಲೂ ಹೊಲಿಗೆಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಗಟ್ಟಿ ಮಾಡಿದ್ದೇನೆ; ಕಡ್ಡಿಗಳನ್ನು ಮತ್ತೆ ಮತ್ತೆ ಎಳೆದು ತುರುಕುವಾಗ ಮೊದಲು ಬಿಚ್ಚಿಕೊಳ್ಳುವುದು ಅಲ್ಲಿಯೇ."

"ಮತ್ತೆ ಮತ್ತೆ ಎಳೆಯುವ ಸಂದರ್ಭ ನಿನಗೆ ಯಾವಾಗ ಬಂತು?" ಎಂದರು ಪದ್ಮಕ್ಕ.

ವನಜಾಳ ಗಂಡ ರಾಮಣ್ಣನವರು ಈ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನನ್ನ ಸ್ವೆಟರಿನ ಹಿಂಭಾಗ ಮುಗಿದಿದೆ ಪದ್ಮಕ್ಕ. ಮುಂಭಾಗವನ್ನು ಶುರುಮಾಡಬೇಕು ಎನ್ನುವಷ್ಟರಲ್ಲಿ ಕಡ್ಡಿಗಳಿಗೆ ಇರಲು ನೆಲೆಯಿಲ್ಲ ಎಂಬ ಸಂಗತಿ ಇವಳ ಗಮನಕ್ಕೆ ಬಂತು. ಅಂದಿನಿಂದ ಕಡ್ಡಿಗಳು ಬೆಚ್ಚಗಿವೆ, ನಾನು ಬೆನ್ನಿನಲ್ಲಿ ಮಾತ್ರ ಬೆಚ್ಚಗಿದ್ದೇನೆ."

"ನೀವು ಸುಮ್ಮನಿರಿ," ಎಂದ ವನಜಾ, ಜೇಬಿನ ಅಗಲವನ್ನು ನಿರ್ಧರಿಸುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂದು ವಿವರಿಸಲು ಹೊರಟಳು. ಲೆಕ್ಕದ ವಾಸನೆ ಬಡಿದೊಡನೆ ಮೇಷ್ಟ್ರು ಎಚ್ಚೆತ್ತರು.

"ಸೂಕ್ಷ್ಮವೇನೋ ಹೌದು, ಆದರೆ ಅಂದಾಜಿನ ಕೆಲಸವಲ್ಲ," ಎಂದರು ಅವರು. "10 ಮಿ.ಮೀ. ದಪ್ಪದ ಒಂದು ಕಡ್ಡಿಯ ಸುತ್ತಳತೆ 31 ಮಿ.ಮೀ.ಗೆ ತುಸು ಹೆಚ್ಚು. ಚಪ್ಪಟೆಯಾಗಿ ಹೊಲಿದ ಜೇಬಿಗೆ ಎರಡು ಮೈ ಇರುವುದರಿಂದ ಹೊಲಿಗೆಯಿಂದ ಹೊಲಿಗೆಗೆ ಅದರ ಅರ್ಧ, ಅಂದರೆ 16 ಮಿ.ಮೀ. ಬೇಕು. ಜೊತೆಯನ್ನು ಒಂದೇ ಜೇಬಿನಲ್ಲಿ ಇಡುವುದಾದರೆ ಅದು ಎರಡರಷ್ಟಾಗುವುದಿಲ್ಲ. ಎರಡೂ ಮೈಗೆ ಮೈ ತಾಗಿ ಮಲಗುವುದರಿಂದ 26 ಮಿ.ಮೀ. ಸಾಕು. ಕೈಯಾಡಲು ಒಂದಿಷ್ಟು ಸಡಿಲ ಬಿಟ್ಟರೆ 3 ಸೆಂ.ಮೀ."

"ನಾನು 2 ಮಿ.ಮೀ. ಕಡ್ಡಿಗೂ 3 ಸೆಂ.ಮೀ.ಯನ್ನೇ ಇಟ್ಟಿದ್ದೇನೆ, ಸಾಲು ಸಮನಾಗಿ ಕಾಣಲಿ ಎಂದು."

"ಹಾಗಾದರೆ ಅದು ಆ ಜೇಬಿನಲ್ಲಿ ವಾಸಿಸುತ್ತಿಲ್ಲ ವನಜಾ, ಕಳೆದುಹೋಗಿದೆ," ಎಂದರು ಪದ್ಮಕ್ಕ. ಅವರು ಸುರುಳಿಯನ್ನು ತಲೆಕೆಳಗೆ ಮಾಡಿ ಒಮ್ಮೆ ಒದರಿದರು. 35 ಸೆಂ.ಮೀ. ಉದ್ದದ ಒಂದು ಜೊತೆ ನೆಲದ ಮೇಲೆ ಟಣಟಣ ಬಿದ್ದಿತು. "ನೇರ ಕಡ್ಡಿಗಳು 25, 30, 35 ಸೆಂ.ಮೀ. ಉದ್ದಗಳಲ್ಲಿ ಬರುತ್ತವೆ. ನೀನು 30ಕ್ಕೆ ಲೆಕ್ಕ ಹಾಕಿ ಹೊಲಿದಿರುವುದರಿಂದ ಮೇಲಿನ ಮುಚ್ಚುಪಟ್ಟಿ ಇವುಗಳ ಗುಂಡುತಲೆಗಳನ್ನು ದಾಟಿ ಮಡಚಿಕೊಳ್ಳುವುದೇ ಇಲ್ಲ. ಹೂವಿನ ಬಟ್ಟೆ ಆರಿಸಲು ಕಳೆದ ಹೊತ್ತಿನಲ್ಲಿ ಒಂದು ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಳ್ಳಬಹುದಿತ್ತು."

ವನಜಾ ಸೋಲುವ ಸ್ವಭಾವದವಳಲ್ಲ. ಪ್ರತಿಯೊಂದು ಜೇಬಿನ ಮೇಲೂ ಕೆಂಪು ರೇಷ್ಮೆ ದಾರದಲ್ಲಿ ಕಸೂತಿ ಮಾಡಿದ ಸಂಖ್ಯೆಗಳನ್ನು ಅವಳು ತೋರಿಸಿದಳು. 8 ಎಂಬ ಅಂಕಿಯ ಎರಡು ಹೊಟ್ಟೆಗಳೂ ನಿಜವಾಗಿಯೂ ದುಂಡಗಿದ್ದವು.

"ಇದು ಯಾರ 8?" ಎಂದರು ಪದ್ಮಕ್ಕ.

"ಯಾರದೇನು? ಎಂಟು ಎಂದರೆ ಎಂಟೇ."

"ಬ್ರಿಟನ್ನಿನ ಹಳೆಯ ಕ್ರಮದಲ್ಲಿ ಅಂಕಿ ಏರಿದಷ್ಟೂ ಕಡ್ಡಿ ತೆಳುವಾಗುತ್ತದೆ, ಅಮೆರಿಕದ ಕ್ರಮದಲ್ಲಿ ಅಂಕಿ ಏರಿದಷ್ಟೂ ದಪ್ಪವಾಗುತ್ತದೆ. ಬ್ರಿಟನ್ನಿನ 8 ಎಂದರೆ 4 ಮಿ.ಮೀ.; ಅದು ಅಮೆರಿಕದ 6. ಅಮೆರಿಕದ 8 ಎಂದರೆ 5 ಮಿ.ಮೀ.; ಅದು ಬ್ರಿಟನ್ನಿನ 6. ಇಬ್ಬರೂ ಒಂದೇ ಮಾತಿಗೆ ಬರುವುದು 7ರಲ್ಲಿ ಮಾತ್ರ, ಅಲ್ಲಿ ಇಬ್ಬರದೂ 4.5 ಮಿ.ಮೀ. ನೀನು 7ನ್ನು ಬಿಟ್ಟು ಉಳಿದೆಲ್ಲ ಅಂಕಿಗಳನ್ನೂ ರೇಷ್ಮೆಯಲ್ಲಿ ಶಾಶ್ವತಗೊಳಿಸಿದ್ದೀಯೆ."

ವನಜಾ ಗಾಬರಿಯಿಂದ ಸಾಲನ್ನು ನೋಡಿದಳು. 7ರ ಜಾಗದಲ್ಲಿ ಅಂದಕ್ಕಾಗಿ ಒಂದು ಚಿಟ್ಟೆಯನ್ನು ಬಿಡಿಸಲಾಗಿತ್ತು.

"ಅದಿರಲಿ," ಎಂದರು ರಾಮಣ್ಣನವರು, ತಮ್ಮ ಮೊಕದ್ದಮೆ ದಾರಿ ತಪ್ಪುತ್ತಿರುವುದನ್ನು ಕಂಡು. "ಇವಳ ಬಳಿ ಇದ್ದದ್ದು 3 ಜೊತೆ ಕಡ್ಡಿ, ಹೊಲಿದದ್ದು 16 ಜೇಬು. ಮಿಕ್ಕ ಜೇಬುಗಳು ಬಣಗುಡುತ್ತವೆಂದು ಮತ್ತೆ 13 ಜೊತೆ ತರಿಸಿದಳು. ಅವುಗಳೊಂದಿಗೆ ಎರಡೂ ಕಡೆ ಮೊನೆಯಿರುವ ಕಡ್ಡಿಗಳು, ಐದೈದರ ಕಟ್ಟು, ಬಂದವು. ಅವು ಕುಳ್ಳಾದ್ದರಿಂದ ಬೇರೊಂದು ಚೀಲವಾಯಿತು. ಆಮೇಲೆ ತಂತಿಯ ವೃತ್ತಾಕಾರದ ಕಡ್ಡಿಗಳು ಬಂದವು. ಅವನ್ನು ಸುರುಳಿ ಸುತ್ತಿಟ್ಟರೆ ತಂತಿ ಸೆಟೆದುಕೊಳ್ಳುತ್ತದೆಂದು ಗೋಡೆಗೆ ತೂಗುಹಾಕುವ ಇನ್ನೊಂದು ಚೀಲವಾಯಿತು. ಈಗ ಮೂರಕ್ಕೂ ಧೂಳು ಕೂರುತ್ತಿದೆಯಂತೆ."

"ಧೂಳು ಕೂರದಂತೆ ಒಂದು ದೊಡ್ಡ ಚೀಲ ಹೊಲಿದರೆ..." ಎಂದು ವನಜಾ ಹೇಳುತ್ತಿದ್ದಂತೆ ಮೂವರೂ ಅವಳತ್ತ ನೋಡಿದ್ದರಿಂದ ಮಾತು ಅಲ್ಲಿಗೇ ನಿಂತಿತು.

"ಸೆಟೆದ ತಂತಿಯನ್ನು ಬಿಸಿನೀರಿನಲ್ಲಿ ಒಂದಿಷ್ಟು ಹೊತ್ತು ಅದ್ದಿದರೆ ತಾನಾಗಿಯೇ ಬಾಗುತ್ತದೆ, ಅದಕ್ಕೊಂದು ಗೋಡೆ ಬೇಕಿಲ್ಲ," ಎಂದರು ಪದ್ಮಕ್ಕ. "ಚೀಲ ಹೊಲಿಯಬಾರದೆಂದು ನಾನು ಹೇಳುತ್ತಿಲ್ಲ. ಬಿದಿರಿನ ಕಡ್ಡಿಯ ಮೊನೆ ಮುರಿಯುತ್ತದೆ, ಉಕ್ಕಿನ ಕಡ್ಡಿ ತೇವಕ್ಕೆ ತುಕ್ಕು ಹಿಡಿಯುತ್ತದೆ, ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿದರೆ ಜೊತೆ ಹುಡುಕುವುದರಲ್ಲೇ ಸಂಜೆಯಾಗುತ್ತದೆ. ಆದರೆ ಹೆಣೆಯುವವರ ಚೀಲ ಎಂದಿಗೂ ತುಂಬಿರುವುದಿಲ್ಲ. ಕಾಲುಚೀಲ ಹೆಣೆಯುವಾಗ ನಾಲ್ಕು ಕಡ್ಡಿ ಕಾಲುಚೀಲದಲ್ಲಿ, ಐದನೆಯದು ಕೈಯಲ್ಲಿ, ಜೇಬಿನಲ್ಲಿ ಗಾಳಿ. ನಿನ್ನ 16 ಜೇಬುಗಳೂ ಭರ್ತಿಯಾಗಿವೆ ಎಂದರೆ ಮನೆಯಲ್ಲಿ ಏನೂ ಹೆಣೆಯಲ್ಪಡುತ್ತಿಲ್ಲ ಎಂದೇ ಅರ್ಥ. ನೀನು ಹೊಲಿದಿರುವುದು ಕಡ್ಡಿಗಳ ಶಯನಾಗಾರ."

ಮೇಷ್ಟ್ರು ಇಂಗ್ಲೆಂಡಿನ ಯಾರ್ಕ್‌ಷೈರ್ ಕಣಿವೆಗಳ ಹೆಣಿಗೆಗಾರರ ವಿಷಯ ತೆಗೆದರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿನ ಜನ ಕೆತ್ತಿದ ಮರದ ಒರೆಯೊಂದನ್ನು ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು, ಒಂದು ಕಡ್ಡಿಯ ತುದಿಯನ್ನು ಅದರಲ್ಲಿ ನಿಲ್ಲಿಸಿ, ನಡೆಯುತ್ತ ನಡೆಯುತ್ತಲೇ ಹೆಣೆಯುತ್ತಿದ್ದರು. ಆ ಒರೆಗಳನ್ನು ಎಷ್ಟೋ ವೇಳೆ ತರುಣರು ತಾವೇ ಕೆತ್ತಿ ಒಲಿದವಳಿಗೆ ಕೊಡುತ್ತಿದ್ದರು.

"ನೋಡು, ಅದೂ ಕಡ್ಡಿಯ ಮನೆಯೇ," ಎಂದರು ಪದ್ಮಕ್ಕ. "ಆದರೆ ದುಡಿಯುವಾಗಿನ ಮನೆ."

"ನಮ್ಮ ಮನೆಯಲ್ಲೂ ಒಂದು ಜೊತೆ ಇದೆ," ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ. "ನನ್ನವಳು ಬಿಟ್ಟುಹೋದದ್ದು. ಒಂದು ತೋಳು ಮೊಣಕೈಯವರೆಗೆ ಬಂದಿದೆ, ಕುಣಿಕೆಗಳೆಲ್ಲ ಇನ್ನೂ ಕಡ್ಡಿಯ ಮೇಲೆಯೇ ಇವೆ."

ಎಲ್ಲರಿಗಿಂತ ಮೊದಲು ವನಜಾಳೇ ಮಾತಾಡಿದಳು. "ಅದಕ್ಕೊಂದು ಚೀಲ ಹೊಲಿದುಕೊಡಲೇ ಮೇಷ್ಟ್ರೇ? ದುಡ್ಡುಗಿಡ್ಡು ಬೇಡ."

"ಬೇಡಮ್ಮ. ಅವು ಇನ್ನೂ ಕೆಲಸದಲ್ಲಿವೆ."

ಪದ್ಮಕ್ಕನವರಿಗೂ ಇದಕ್ಕೆ ಸೇರಿಸಲು ಏನೂ ತೋಚಲಿಲ್ಲವಾದ್ದರಿಂದ ಅವರು ಬಗ್ಗಿ ನೆಲದ ಮೇಲೆ ಬಿದ್ದಿದ್ದ ಜೊತೆಯನ್ನು ಎತ್ತಿ ವನಜಾಳ ಕೈಗೆ ಕೊಟ್ಟು, ಅದರ ದಪ್ಪವನ್ನು ವಿಚಾರಿಸಿದರು. 4 ಮಿ.ಮೀ. ಎಂದು ತಿಳಿದಾಗ, ಸ್ವೆಟರಿನ ಮುಂಭಾಗಕ್ಕೆ ಅದೇ ಬೇಕಲ್ಲವೇ ಎಂದರು. ವನಜಾ ಒಪ್ಪಿದಳು, ಇಂದು ರಾತ್ರಿಯೇ ಕುಣಿಕೆ ಹಾಕುವುದಾಗಿ ಎಲ್ಲರೆದುರು ಮಾತು ಕೊಟ್ಟಳು. ರಾಮಣ್ಣನವರು ಎದೆ ಮುಟ್ಟಿಕೊಂಡು ನೋಡಿದರು.

ಅವಳು ಚೀಲವನ್ನು ಸುತ್ತಲು ತೊಡಗಿ, ಅರ್ಧದಲ್ಲೇ ಕೈ ನಿಲ್ಲಿಸಿ, ಬರಿದಾದ ಜೇಬನ್ನು ದಿಟ್ಟಿಸಿದಳು.

"ಪದ್ಮಕ್ಕ, ಈ ಒಂದೇ ಒಂದು ಜಾಗ ಬಾಯಿ ಬಿಟ್ಟುಕೊಂಡಂತೆ ಕಾಣುತ್ತದೆ. ಇದು ವಾಪಸು ಬರುವವರೆಗಾದರೂ 4 ಮಿ.ಮೀ.ಯ ಇನ್ನೊಂದು ಜೊತೆಯನ್ನು ತರಿಸಿಟ್ಟರೆ ಹೇಗೆ?"

"ತರಿಸು, ತರಿಸು," ಎಂದರು ಪದ್ಮಕ್ಕ. "ಆದರೆ ಸ್ವೆಟರು ಮುಗಿದ ದಿನ ಈ ಜೊತೆ ಎಲ್ಲಿ ಮಲಗಬೇಕು ಎಂಬುದನ್ನು ಮಾತ್ರ ನಿನ್ನ ಗಂಡನ ಎದುರಿಗೆ ಯೋಚಿಸಬೇಡ."