ಅಲ್ಪ ಖರ್ಚಿನಲ್ಲಿ ಸಭೆಯ ಛಾಯಾಗ್ರಹಣ ಮತ್ತು ಮಾಧ್ಯಮ ಸೇವೆ: ಮೊದಲು ಯಾವುದಕ್ಕೆ ಹಣ ಹಾಕಬೇಕು?

ಪ್ರಶ್ನೆ (ಮಾಧ್ಯಮ ಸೇವಕ)

ಕ್ರಿಸ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು. ನಮ್ಮ ಸಭೆಯ ಛಾಯಾಚಿತ್ರ, ವಿಡಿಯೊ ಮತ್ತು ನೇರ ಪ್ರಸಾರದ ಹೊಣೆಯನ್ನು ಹಿರಿಯರು ನನಗೂ ಇಬ್ಬರು ಯುವಕರಿಗೂ ಒಪ್ಪಿಸಿದ್ದಾರೆ. ನಮ್ಮಲ್ಲಿ ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್, ಎರಡು ಮೊಬೈಲ್ ಫೋನುಗಳು ಮತ್ತು ಒಂದು ಲ್ಯಾಪ್‌ಟಾಪ್ ಇವೆ. ಸಭೆಯವರ ಕಾಣಿಕೆಯಿಂದಲೇ ಎಲ್ಲವೂ ನಡೆಯಬೇಕಾದ್ದರಿಂದ ಮಾಧ್ಯಮಕ್ಕೆಂದು ಸಿಗುವ ಮೊತ್ತ ಬಹಳ ಚಿಕ್ಕದು, ಮತ್ತು ಅದರಲ್ಲಿ ಒಂದು ಪಾಲೂ ವ್ಯರ್ಥವಾಗಬಾರದೆಂಬ ಭಾರ ನನ್ನ ಮೇಲಿದೆ.

ವೇದಿಕೆಯ ಹಿಂದೆ ದೊಡ್ಡ ಕಿಟಕಿ ಇರುವುದರಿಂದ ಬೆಳಗಿನ ಆರಾಧನೆಯಲ್ಲಿ ಬೋಧಕರ ಮುಖ ಕಪ್ಪಾಗಿ ಬೀಳುತ್ತದೆ. ಸಂಜೆಯ ಕೂಟದ ಚಿತ್ರಗಳು ಹಳದಿಯಾಗಿ, ಅಲುಗಿದಂತೆ ಬರುತ್ತವೆ, ಕೆಲವು ವಿಡಿಯೊಗಳಲ್ಲಿ ಅಡ್ಡಪಟ್ಟಿಗಳು ಓಡುತ್ತವೆ. ನೇರ ಪ್ರಸಾರದಲ್ಲಿ ಪ್ರಸಂಗದ ಧ್ವನಿ ಎಲ್ಲೋ ದೂರದಿಂದ ಕೇಳುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ವಾರ ವಾರವೂ ನಾವು ತೆಗೆಯುವುದು ಅದೇ ವೇದಿಕೆ, ಅದೇ ಧ್ವನಿವರ್ಧಕ, ಅದೇ ಎತ್ತಿದ ಕೈಗಳು. ಸಭೆಯ ಸೇವೆ ನಿಜವಾಗಿ ನಡೆಯುವುದನ್ನು ತೋರಿಸುವ ಚಿತ್ರಗಳನ್ನು ತೆಗೆಯುವುದು ಹೇಗೆ? ಆರಾಧನೆಯ ನಡುವೆ ಕ್ಯಾಮೆರಾ ಓಡಾಡುವುದು ಕೆಲವು ಹಿರಿಯರಿಗೆ ಇಷ್ಟವಿಲ್ಲ, ಅವರ ಮಾತಿನಲ್ಲಿ ಸತ್ಯವಿದೆ ಎಂದೇ ನನಗೂ ಅನಿಸುತ್ತದೆ. ಅನುಭವಿಗಳು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1 (ಧ್ವನಿ ಮೇಜು)

ಸಹೋದರರೇ, ಹೊಸ ಕ್ಯಾಮೆರಾದ ಆಲೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಸಿಗುವ ಹಣದಲ್ಲಿ ಮೊದಲ ಪಾಲು ಧ್ವನಿಗೆ, ಎರಡನೆಯದು ಬೆಳಕಿಗೆ, ಆಮೇಲೆ ಉಳಿದರೆ ಲೆನ್ಸಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನರು ಪ್ರಸಂಗವನ್ನು ಕೊನೆಯವರೆಗೆ ಕೇಳುತ್ತಾರೆ. ಮಾತು ಸ್ಪಷ್ಟವಾಗಿಲ್ಲದಿದ್ದರೆ ಚಿತ್ರ ಎಷ್ಟೇ ಸುಂದರವಾಗಿದ್ದರೂ ವಾಕ್ಯ ಅವರಿಗೆ ತಲುಪುವುದಿಲ್ಲ. ಹಾಸಿಗೆ ಹಿಡಿದ ವೃದ್ಧರಿಗೂ ದೂರದಲ್ಲಿರುವವರಿಗೂ ನೇರ ಪ್ರಸಾರವೇ ಆರಾಧನೆಯಾಗಿರುವುದರಿಂದ, ಮಾತು ಕೇಳುವಂತೆ ಮಾಡುವುದೇ ನಮ್ಮ ಮೊದಲ ಕರ್ತವ್ಯ.

ಧ್ವನಿ ದೂರದಿಂದ ಬಂದಂತೆ ಕೇಳಲು ಕಾರಣ ನೇರವಾದುದು. ಮಾತನಾಡುವವರಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದಾಗಲೆಲ್ಲ ನೇರವಾಗಿ ತಲುಪುವ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಗೋಡೆಗಳಿಂದ ಮರಳುವ ಪ್ರತಿಧ್ವನಿಯಾದರೋ ಸಭಾಂಗಣದ ಎಲ್ಲ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೀಗಾಗಿ ಹಿಂದಿನ ಸಾಲಿನಲ್ಲಿಟ್ಟ ಕ್ಯಾಮೆರಾದ ಮೈಕಿಗೆ ಪ್ರತಿಧ್ವನಿಯೇ ಹೆಚ್ಚು ಸಿಗುತ್ತದೆ. ಸಭೆಯಲ್ಲಿ ಮಿಕ್ಸರ್ (ಹಲವು ಮೈಕುಗಳ ಧ್ವನಿಯನ್ನು ಬೆರೆಸುವ ಸಾಧನ) ಇದ್ದರೆ ಅದರ ಆಕ್ಸ್ ಔಟ್‌ಪುಟ್‌ನಿಂದ (ಮುಖ್ಯ ಧ್ವನಿಗಿಂತ ಬೇರೆಯಾದ ಮಿಶ್ರಣವನ್ನು ಹೊರಗೆ ಕೊಡುವ ಕಿಂಡಿ) ಪ್ರಸಾರಕ್ಕೆಂದೇ ಪ್ರತ್ಯೇಕ ಮಿಶ್ರಣವನ್ನು ಕೊಡಿ. ಮುಖ್ಯ ಔಟ್‌ಪುಟ್ಟನ್ನೇ ಕೊಟ್ಟರೆ ಸಾಲದು, ಏಕೆಂದರೆ ಅದು ಸಭಾಂಗಣಕ್ಕಾಗಿ ಹೊಂದಿಸಿದ್ದು. ಡ್ರಮ್ಮಿನಂಥ ಜೋರಾದ ವಾದ್ಯಗಳು ಒಳಗೆ ತಾವಾಗಿಯೇ ಕೇಳುವುದರಿಂದ ಮಿಕ್ಸರಿನಲ್ಲಿ ಅವುಗಳ ಮಟ್ಟ ಕಡಿಮೆಯಿರುತ್ತದೆ, ಪ್ರಸಾರದಲ್ಲಿ ಅವು ಕಾಣೆಯಾಗಿ ಹಾಡುವವರ ದನಿ ಮಾತ್ರ ಬರಿದಾಗಿ ನಿಲ್ಲುತ್ತದೆ. ಸಾಧ್ಯವಾದರೆ ಸಭಿಕರ ಕಡೆಗೆ ಒಂದು ಮೈಕನ್ನು ತಿರುಗಿಸಿಟ್ಟು ಅದನ್ನು ಮೆಲ್ಲಗೆ ಬೆರೆಸಿ. ಮನೆಯಲ್ಲಿ ಕುಳಿತವರಿಗೆ ಸಭೆಯೊಂದಿಗೆ ಹಾಡುತ್ತಿದ್ದೇವೆಂಬ ಭಾವ ಬರುವುದು ಆ ಒಂದು ಮೈಕಿನಿಂದಲೇ. ಧ್ವನಿಯ ಶಿಖರಗಳು ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್‌ಗಳ ನಡುವೆ ಇರಲಿ, ಮತ್ತು ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಆದಿಯಿಂದ ಅಂತ್ಯದವರೆಗೆ ಕೇಳುತ್ತಲೇ ಇರಬೇಕು.

ಮಿಕ್ಸರ್ ಇಲ್ಲದಿದ್ದರೂ ಉಪಾಯವಿದೆ. ಎರಡನೆಯ ಫೋನಿಗೆ ಅಂಗಿಗೆ ಸಿಕ್ಕಿಸುವ ಮೈಕ್ ಜೋಡಿಸಿ, ಏರೋಪ್ಲೇನ್ ಮೋಡಿನಲ್ಲಿಟ್ಟು ಬೋಧಕರ ಜೇಬಿಗೆ ಹಾಕಿ. ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ, ಸಂಕಲನದ ವೇಳೆ ಆ ಸದ್ದನ್ನು ಹಿಡಿದು ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಬಹುದು. ನೇರ ಪ್ರಸಾರಕ್ಕೆ ಇದು ಒದಗುವುದಿಲ್ಲ, ಪ್ರಸಂಗವನ್ನು ಮುದ್ರಿಸಿ ನಂತರ ಹಂಚುವುದಕ್ಕೆ ಧಾರಾಳವಾಗಿ ಸಾಕು.

ಇನ್ನು ಬೆಳಕು. ವೇದಿಕೆಯ ಹಿಂದಿನ ಕಿಟಕಿಗೆ ದಪ್ಪ ಪರದೆ ಹಾಕುವುದು ಯಾವ ದುಬಾರಿ ಕ್ಯಾಮೆರಾಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ಪರದೆ ಸಾಧ್ಯವಿಲ್ಲದಿದ್ದರೆ ಕ್ಯಾಮೆರಾವನ್ನು ಬದಿಗೆ ಸರಿಸಿ ಕಿಟಕಿ ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ. ಫೋನಿನಲ್ಲಾದರೆ ಬೋಧಕರ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ. ಸಂಜೆಯ ಹಳದಿಗೆ ಕಾರಣ ಎರಡು ಬಣ್ಣದ ಬೆಳಕುಗಳ ಬೆರಕೆ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಹಳದಿ) ಇದ್ದರೆ ಹಳದಿ ದೀಪಗಳದ್ದು 2700–3000 ಕೆಲ್ವಿನ್. ಎರಡೂ ಒಂದೇ ಮುಖದ ಮೇಲೆ ಬಿದ್ದಾಗ ಯಾವ ವೈಟ್ ಬ್ಯಾಲೆನ್ಸ್ (ಕ್ಯಾಮೆರಾದಲ್ಲಿ ಬಣ್ಣ ಸರಿಪಡಿಸುವ ಹೊಂದಾಣಿಕೆ) ಕೂಡ ಪೂರ್ತಿ ಸರಿಪಡಿಸಲಾರದು, ಆದ್ದರಿಂದ ವೇದಿಕೆಯ ಮೇಲೆ ಒಂದೇ ಬಣ್ಣದ ದೀಪಗಳಿರಲಿ. ಅಡ್ಡಪಟ್ಟಿಗಳು ದೀಪದ ಮಿನುಗಿನಿಂದ ಬರುವಂಥವು. ವಿದ್ಯುತ್ ಪೂರೈಕೆ 50 ಹರ್ಟ್ಸ್ ಇರುವಲ್ಲಿ ಷಟರ್ ವೇಗವನ್ನು (ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ) ಸೆಕೆಂಡಿನ 1/50 ಅಥವಾ 1/100ಕ್ಕೆ, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120ಕ್ಕೆ ಇಟ್ಟರೆ ಬಹುಮಟ್ಟಿಗೆ ಹೋಗುತ್ತವೆ. ಕೆಲವು ಎಲ್‌ಇಡಿ ದೀಪಗಳು ಮಬ್ಬುಗೊಳಿಸಿದಾಗ ಬೇರೆಯೇ ಲಯದಲ್ಲಿ ಮಿನುಗುತ್ತವೆ. ಅಂಥ ದೀಪವನ್ನು ಪೂರ್ಣ ಪ್ರಕಾಶದಲ್ಲಿ ಉರಿಸಿ ನೋಡಿ.

ಇಷ್ಟಾದ ಮೇಲೆ ಹಣ ಉಳಿದರೆ 50 ಮಿ.ಮೀ. ಎಫ್ 1.8 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಹೆಚ್ಚು ಬೆಳಕು) ಕೊಳ್ಳಿ, ಬಳಸಿದ್ದಾದರೂ ಸರಿ. ನಿಮ್ಮ ಕಿಟ್ ಲೆನ್ಸ್ 55 ಮಿ.ಮೀ.ನಲ್ಲಿ ಎಫ್ 5.6ಕ್ಕೆ ನಿಲ್ಲುತ್ತದೆ, ಅದಕ್ಕೆ ಹೋಲಿಸಿದರೆ ಇದು ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಅಲುಗಿದ ಚಿತ್ರಗಳಿಗೆ ಇದೇ ನಿಜವಾದ ಮದ್ದು. ಎಫ್ 2.2 ಅಥವಾ 2.8, ಷಟರ್ 1/125ರಿಂದ 1/160, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 1600ರಿಂದ 3200, ಕಡತ ರಾ ರೂಪದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ): ಸಂಜೆಯ ಕೂಟಕ್ಕೆ ಇಲ್ಲಿಂದ ಆರಂಭಿಸಿ, ಪಟ್ಟಿಗಳು ಕಂಡರೆ ಮಾತ್ರ ಷಟರನ್ನು ಮೇಲೆ ಹೇಳಿದ ವೇಗಕ್ಕೆ ಇಳಿಸಿ.

ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಪ್ರಸಾರಕ್ಕೆ ಒಬಿಎಸ್ ಸ್ಟುಡಿಯೊ, ಸಂಕಲನಕ್ಕೆ ಕೆಡೆನ್‌ಲೈವ್ ಅಥವಾ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಧ್ವನಿಗೆ ಆಡಾಸಿಟಿ, ರಾ ಚಿತ್ರಗಳಿಗೆ ಡಾರ್ಕ್‌ಟೇಬಲ್, ಗೀತೆಗಳ ಸಾಹಿತ್ಯವನ್ನು ಪರದೆಗೆ ತರಲು ಓಪನ್‌ಎಲ್‌ಪಿ ಇವೆ. ಲ್ಯಾಪ್‌ಟಾಪ್ ಹಳೆಯದಾದರೆ ರಿಸಾಲ್ವ್ ಭಾರವಾದೀತು.

ಉತ್ತರ 2 (ಹಿಂಬದಿಯ ಸಾಲು)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಏನನ್ನು ತೆಗೆಯಬೇಕು ಎಂಬುದಕ್ಕೆ ಉತ್ತರಿಸುತ್ತೇನೆ. ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ, ಇದಕ್ಕೆ ಖರ್ಚೂ ಇಲ್ಲ.

ಸಭೆಯ ಸೇವೆಯ ಬಹುಪಾಲು ವೇದಿಕೆಯ ಮೇಲೆ ನಡೆಯುವುದೇ ಇಲ್ಲ. ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುವವರು, ಅಭ್ಯಾಸದ ವೇಳೆ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುವ ಗಾಯನ ತಂಡದ ನಾಯಕಿ, ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಕಥೆ ಹೇಳುವ ಭಾನುವಾರ ಶಾಲೆಯ ಶಿಕ್ಷಕಿ, ಕೀರ್ತನೆಯ ಪುಸ್ತಕದ ಹಾಳೆ ತಿರುವುವ ವಯಸ್ಸಾದ ಬೆರಳುಗಳು, ಆರಾಧನೆ ಮುಗಿದ ಮೇಲೆ ಮೂಲೆಯಲ್ಲಿ ನಿಂತು ಒಬ್ಬರ ಕಷ್ಟ ಕೇಳುವ ಸಭಾಪಾಲಕರು: ಇವರನ್ನೆಲ್ಲ ಹುಡುಕಿ. ಒಂದು ಭಾನುವಾರ ಒಂದೇ ಸೇವೆಯನ್ನು ಆರಿಸಿಕೊಂಡು, ಅದರ ಸಿದ್ಧತೆ, ನಡುವಿನ ಶ್ರಮ ಮತ್ತು ಮುಗಿದ ನಂತರದ ಕ್ಷಣವನ್ನು ದೂರದಿಂದ ಒಮ್ಮೆ, ಸಮೀಪದಿಂದ ಒಮ್ಮೆ, ಕೈಗಳ ಅಥವಾ ವಸ್ತುಗಳ ವಿವರವಾಗಿ ಇನ್ನೊಮ್ಮೆ ತೆಗೆಯಿರಿ. ಈ ಮೂರು ಬಗೆಯ ಚಿತ್ರಗಳು ಸೇರಿದರೆ ಒಂದು ಕಥನವಾಗುತ್ತದೆ, ಮಾತಿಲ್ಲದ ಕಿರು ವಿಡಿಯೊ ಕೂಡ ಅದೇ ಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ. ನಿಮಗೆ ತೊಡಕಾಗಿರುವ ಆ ಕಿಟಕಿಯನ್ನೂ ಬಳಸಿಕೊಳ್ಳಿ. ಅದರ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ನೆರಳಿನ ಬದಿಗೆ ಬಿಳಿಯ ರಟ್ಟನ್ನು ಹಿಡಿದರೆ ಸಾಕ್ಷಿ ಹೇಳುವವರ ಭಾವಚಿತ್ರಕ್ಕೆ ಅದಕ್ಕಿಂತ ಮೃದುವಾದ ಬೆಳಕು ಬೇಕಿಲ್ಲ.

ಹಿರಿಯರ ಆಕ್ಷೇಪವನ್ನು ದಯವಿಟ್ಟು ಅಡ್ಡಿಯೆಂದು ಎಣಿಸಬೇಡಿ. ಆರಾಧನೆಗೆ ಬಂದವರಿಗೆ ದೇವರ ಮುಂದೆ ನಿರಾತಂಕವಾಗಿ ನಿಲ್ಲುವ ಹಕ್ಕಿದೆ, ಅದನ್ನು ಕಾಯುವುದು ಛಾಯಾಗ್ರಾಹಕರ ಕೆಲಸದ ಭಾಗವೇ. ಫ್ಲ್ಯಾಶ್ ಬೇಡ, ಕ್ಯಾಮೆರಾದ ಬೀಪ್ ಸದ್ದನ್ನೂ ಫೋಕಸಿಗೆ ನೆರವಾಗುವ ಕೆಂಪು ದೀಪವನ್ನೂ ಆರಿಸಿ, ಹಿಂಬದಿಯ ಪರದೆಯ ಬೆಳಕನ್ನು ತಗ್ಗಿಸಿ. ಸಭೆಯೆಲ್ಲ ಎದ್ದು ಹಾಡುವಾಗ ಮಾತ್ರ ಜಾಗ ಬದಲಿಸಿ. ಪ್ರಾರ್ಥನೆಯಲ್ಲೂ ಕರ್ತನ ಭೋಜನದಲ್ಲೂ ಕ್ಯಾಮೆರಾ ಕೆಳಗಿರಲಿ. ಕಣ್ಣೀರಿಡುವವರ ಮುಖವನ್ನು, ಅದು ಎಷ್ಟೇ ಮನಕಲಕುವಂತಿದ್ದರೂ, ಅವರು ತಾವಾಗಿ ಒಪ್ಪದೆ ಪ್ರಕಟಿಸಬಾರದು. ಮಕ್ಕಳ ಚಿತ್ರಕ್ಕೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು, ಚಿತ್ರದ ಕೆಳಗೆ ಮಗುವಿನ ಹೆಸರು ಬೇಡ, ಹಂಚುವ ಮುನ್ನ ಕಡತದಿಂದ ಸ್ಥಳದ ಮಾಹಿತಿಯನ್ನು ಅಳಿಸಬೇಕು. ಸಭೆಗೆ ಬರುವುದು ಹೊರಗೆ ತಿಳಿದರೆ ತೊಂದರೆಗೆ ಸಿಲುಕುವವರೂ ನಮ್ಮ ನಡುವೆ ಇರುತ್ತಾರೆ. ಅವರಿಗಾಗಿ ಯಾವ ಕ್ಯಾಮೆರಾವೂ ತಿರುಗದ ಒಂದು ಭಾಗವನ್ನು ಗೊತ್ತುಮಾಡಿ, ಅದನ್ನು ಎಲ್ಲರಿಗೂ ತಿಳಿಸಿ.

ನೆರವು ಹಂಚುವ ಕಾರ್ಯಕ್ರಮಗಳ ಬಗ್ಗೆ ಇನ್ನೊಂದು ಮಾತು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಕರ್ತನೇ ಹೇಳಿರುವಾಗ, ಪೊಟ್ಟಣ ಪಡೆಯುವವರನ್ನು ಕ್ಯಾಮೆರಾದತ್ತ ತಿರುಗಿಸಿ ನಿಲ್ಲಿಸುವುದನ್ನು ನಾನು ಒಪ್ಪಲಾರೆ. ಕಾಣಿಕೆ ಕೊಟ್ಟವರಿಗೆ ಲೆಕ್ಕ ತೋರಿಸುವ ಅಗತ್ಯವಿದ್ದರೆ ಸಾಮಗ್ರಿ ಜೋಡಿಸುವ ಸ್ವಯಂಸೇವಕರ ಚಿತ್ರ ಸಾಕು.

ಮರುಪ್ರಶ್ನೆ (ಮಾಧ್ಯಮ ಸೇವಕ)

ನಿಮ್ಮಿಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಚಿತ್ರೀಕರಣವಿಲ್ಲದ ಭಾಗದ ಸಲಹೆಯನ್ನು ಹಿರಿಯರ ಮುಂದಿಟ್ಟಿದ್ದೇನೆ, ಅವರು ಸಂತೋಷದಿಂದ ಒಪ್ಪಿದ್ದಾರೆ. ಗೀತೆಗಳ ಹಕ್ಕಿನ ವಿಷಯ ಮಾತ್ರ ಇನ್ನೂ ತಿಳಿಯಾಗಿಲ್ಲ. ಸಭೆಯಲ್ಲಿ ಹಾಡುವ ಗೀತೆಯನ್ನು ಪ್ರಸಾರ ಮಾಡಬಹುದೇ? ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಚಿತ್ರ ಮತ್ತು ಸಂಗೀತವನ್ನು ಬಳಸಬಹುದೇ? ಜೊತೆಗೆ, ವರ್ಷಗಟ್ಟಲೆ ಸೇರುವ ಕಡತಗಳನ್ನು ಕಾಪಾಡುವುದು ಹೇಗೆ?

ಉತ್ತರ 3 (ಸಂಗ್ರಹಪಾಲಕ)

ಸಭಾಂಗಣದೊಳಗೆ ಹಾಡುವುದು ಬೇರೆ, ಅದನ್ನು ಮುದ್ರಿಸಿ ಪ್ರಸಾರ ಮಾಡುವುದು ಬೇರೆ. ಕೆಲವು ದೇಶಗಳಲ್ಲಿ ಆರಾಧನೆಯ ವೇಳೆ ಹಾಡಲು ಕಾನೂನಿನ ವಿನಾಯಿತಿ ಇದ್ದರೂ ಅದು ಪ್ರಸಾರಕ್ಕೆ ಅನ್ವಯಿಸುವುದಿಲ್ಲ. 1988ರಿಂದ ಸಭೆಗಳಿಗೆ ಗೀತೆಗಳ ಪರವಾನಗಿ ನೀಡುತ್ತಿರುವ ಸಿಸಿಎಲ್‌ಐ ಸಂಸ್ಥೆ ಕೂಡ ನೇರ ಪ್ರಸಾರಕ್ಕೆ ಪ್ರತ್ಯೇಕ ಪರವಾನಗಿಯನ್ನೇ ಇಟ್ಟಿದೆ. ಅದಕ್ಕೆ ಹಣವಿಲ್ಲದಿದ್ದರೆ ಹಕ್ಕಿನ ಅವಧಿ ಮುಗಿದ ಹಳೆಯ ಕೀರ್ತನೆಗಳನ್ನು ನಿಮ್ಮದೇ ತಂಡ ಹಾಡಿದ್ದನ್ನು ಪ್ರಸಾರ ಮಾಡಿ. ಮೂಲ ಹಳೆಯದಾಗಿದ್ದರೂ ಅನುವಾದವೋ ಹೊಸ ವಾದ್ಯ ಸಂಯೋಜನೆಯೋ ಈಚಿನದಾಗಿರಬಹುದು, ಅದನ್ನು ಪರಿಶೀಲಿಸಿ. ಸತ್ಯವೇದದ ಆಧುನಿಕ ಅನುವಾದಗಳಿಗೂ ಪ್ರಕಾಶಕರ ಹಕ್ಕಿರುತ್ತದೆ, ಎಷ್ಟು ವಚನಗಳನ್ನು ಬಳಸಬಹುದೆಂದು ಪುಸ್ತಕದ ಆರಂಭದ ಪುಟಗಳಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ.

ಹಿನ್ನೆಲೆ ಸಂಗೀತಕ್ಕೆ ಕ್ರಿಯೇಟಿವ್ ಕಾಮನ್ಸ್ (ಕೃತಿಯನ್ನು ಇತರರು ಹೇಗೆ ಬಳಸಬಹುದೆಂದು ರಚಿಸಿದವರೇ ತಿಳಿಸುವ ಮುಕ್ತ ಪರವಾನಗಿ) ಗುರುತನ್ನು ನೋಡಿ. ಸಿಸಿ ಝೀರೊ ಇದ್ದರೆ ಯಾವ ಷರತ್ತೂ ಇಲ್ಲ, ಸಿಸಿ ಬೈ ಇದ್ದರೆ ರಚಿಸಿದವರ ಹೆಸರು ಹಾಕಲೇಬೇಕು, ಎನ್‌ಡಿ (ಮಾರ್ಪಾಡು ಕೂಡದು) ಎಂದಿದ್ದರೆ ಆ ಸಂಗೀತವನ್ನು ವಿಡಿಯೊಗೆ ಜೋಡಿಸುವಂತೆಯೇ ಇಲ್ಲ. ಉಚಿತ ಚಿತ್ರಗಳ ತಾಣಗಳಿಂದ ಆಕಾಶ, ಬೆಟ್ಟ, ಹೊಲಗಳ ಚಿತ್ರ ತಂದು ವಚನಗಳಿಗೆ ಹಿನ್ನೆಲೆಯಾಗಿ ಬಳಸುವುದರಲ್ಲಿ ತಪ್ಪಿಲ್ಲ. ಅಪರಿಚಿತರ ನಗುಮುಖಗಳನ್ನು ನಮ್ಮ ಸಭೆಯವರೆಂಬಂತೆ ತೋರಿಸುವುದು ಮಾತ್ರ ನೋಡುವವರಿಗೆ ಮಾಡುವ ವಂಚನೆ, ಹಾಗೆ ಮಾಡಬೇಡಿ.

ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ನಿಯಮವನ್ನು ಪಾಲಿಸಿ. ಹೆಸರಿಡುವಾಗ ವರ್ಷ, ತಿಂಗಳು, ದಿನ, ನಂತರ ಕಾರ್ಯಕ್ರಮದ ಹೆಸರು ಎಂಬ ಕ್ರಮವಿದ್ದರೆ ಎಲ್ಲವೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒಪ್ಪಿಗೆ ಪತ್ರಗಳನ್ನೂ ಅದೇ ಕಡತಕೋಶದಲ್ಲಿಡಿ, ಏಕೆಂದರೆ ಯಾರಾದರೂ ಒಪ್ಪಿಗೆಯನ್ನು ಹಿಂಪಡೆದ ದಿನ ಅವರ ಚಿತ್ರಗಳು ಎಲ್ಲೆಲ್ಲಿವೆ ಎಂದು ನೀವು ಕೂಡಲೇ ಹುಡುಕಿ ತೆಗೆಯಬೇಕಾಗುತ್ತದೆ.

ಉತ್ತರ 4 (ಧ್ವನಿ ಮೇಜು)

ನೇರ ಪ್ರಸಾರದ ಬಗ್ಗೆ ಒಂದು ವಿಷಯ ಉಳಿದಿತ್ತು. 1080ಪಿ (ಚಿತ್ರದ ಎತ್ತರ 1080 ಸಾಲುಗಳು) ಗುಣಮಟ್ಟಕ್ಕೆ ಸೆಕೆಂಡಿಗೆ ಸುಮಾರು 4ರಿಂದ 6 ಮೆಗಾಬಿಟ್ ಬೇಕಾಗುತ್ತದೆ, ಮತ್ತು ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗ ಅದರ ಎರಡು ಪಟ್ಟಿನಷ್ಟಾದರೂ ಇರಬೇಕು. ಅಷ್ಟಿಲ್ಲದಿದ್ದರೆ 720ಪಿಗೆ ಇಳಿಸಿ, ಪ್ರಸಾರ ನಡುನಡುವೆ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು. ಸಾಧ್ಯವಾದರೆ ಲ್ಯಾಪ್‌ಟಾಪಿಗೆ ವೈ-ಫೈ ಬದಲು ಕೇಬಲ್ ಜೋಡಿಸಿ, ಮತ್ತು ಒಬಿಎಸ್‌ನಲ್ಲಿ ಪ್ರಸಾರದ ಜೊತೆಗೇ ಮುದ್ರಣವನ್ನೂ ಚಾಲೂ ಮಾಡಿ. ಸಂಪರ್ಕ ಕಡಿದರೂ ಪ್ರಸಂಗ ಉಳಿಯುತ್ತದೆ.

ಯುವಕರಿಬ್ಬರಿಗೂ ಎಲ್ಲ ಕೆಲಸವನ್ನೂ ಕಲಿಸಿ, ವಾರ ವಾರ ಸ್ಥಾನ ಬದಲಿಸಿ, ಮೂವರಲ್ಲಿ ಒಬ್ಬರಾದರೂ ಸರದಿಯ ಪ್ರಕಾರ ಯಾವ ಸಾಧನವನ್ನೂ ಮುಟ್ಟದೆ ಸಭೆಯೊಂದಿಗೆ ಕುಳಿತು ಆರಾಧಿಸುವಂತಾಗಲಿ. ಮುಂದಿನ ದೊಡ್ಡ ಕೂಟಕ್ಕೆ ಮೊದಲು, ಅದೇ ಹೊತ್ತಿನಲ್ಲಿ, ಅದೇ ದೀಪಗಳನ್ನು ಉರಿಸಿ, ಖಾಲಿ ಸಭಾಂಗಣದಲ್ಲಿ ಒಬ್ಬರಿಂದ ಒಂದು ಅಧ್ಯಾಯವನ್ನು ಓದಿಸಿ ಪೂರ್ತಿ ಪ್ರಸಾರದ ಪರೀಕ್ಷೆ ಮಾಡಿ. ಷಟರ್, ವೈಟ್ ಬ್ಯಾಲೆನ್ಸ್, ಧ್ವನಿಯ ಮಟ್ಟ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಂಟಿಸಿಬಿಡಿ.