ಸಹಾಯ ಬೇಕು: ವಿದ್ಯುತ್ ಬೆಲೆಯ ಜಿಗಿತವನ್ನು ಮಾಡೆಲ್‌ನಲ್ಲಿ ಹಿಡಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಕ್ತ ವಿದ್ಯುತ್ ಮಾರುಕಟ್ಟೆಯಲ್ಲಿ ನಾಳೆಯ 24 ಗಂಟೆಗಳ ಬೆಲೆ ಅಂದಾಜು ಮಾಡುವ ಮಾಡೆಲ್ ಕಟ್ಟುತ್ತಿದ್ದೇನೆ. ಕರೆಂಟನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ, ಅಲ್ವಾ? ಬೇಡಿಕೆ ಏರಿದರೆ ದುಬಾರಿ ಸ್ಥಾವರಗಳನ್ನೂ ಓಡಿಸಬೇಕು. ಬೆಲೆ ಒಮ್ಮೆಲೇ ಜಿಗಿಯುತ್ತದೆ, ಕೆಲವೇ ಗಂಟೆಗಳಲ್ಲಿ ಇಳಿದೂ ಬಿಡುತ್ತದೆ.

ಸರಾಸರಿಗೆ ಮರಳುವ ಮಾಡೆಲ್‌ಗೆ ಜಿಗಿತ ಸೇರಿಸಿದ್ದೇನೆ. ಆದರೆ ಅದರಲ್ಲಿ ಮರಳುವ ವೇಗ ಒಂದೇ. ಜಿಗಿತ ಬೇಗ ಇಳಿಯಲಿ ಎಂದು ವೇಗ ಹೆಚ್ಚಿಸಿದರೆ ಮಾಮೂಲಿ ದಿನಗಳ ಏರಿಳಿತವೂ ಬೇಗನೆ ಅಡಗಿಬಿಡುತ್ತದೆ. ಎರಡು ಸ್ಥಿತಿಗಳ ಮಾರ್ಕೊವ್ ಮಾಡೆಲ್ (ಬೆಲೆ ಮಾಮೂಲಿ ಮತ್ತು ಜಿಗಿತ ಎಂಬ ಎರಡು ಸ್ಥಿತಿಗಳ ನಡುವೆ ಇಂತಿಷ್ಟು ಸಂಭವನೀಯತೆಯಿಂದ ಬದಲಾಗುವಂಥದ್ದು) ವಾಸಿ ಅನಿಸುತ್ತಿದೆ. ಜಿಗಿತದ ಸ್ಥಿತಿಗೆ ಡೇಟಾ ತೀರಾ ಕಡಿಮೆ ಇರುವಾಗ ಪ್ಯಾರಾಮೀಟರ್‌ಗಳನ್ನು ನೀವು ಹೇಗೆ ಅಂದಾಜು ಮಾಡುತ್ತೀರಿ?

ಇನ್ನೊಂದು ವಿಷಯ. ಗಾಳಿ, ಬಿಸಿಲು ಜಾಸ್ತಿ ಇದ್ದಾಗ ಬೆಲೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ, ಆಗ ಬೆಲೆಯ ಲಾಗ್ (ಲಾಗರಿದಮ್) ತೆಗೆಯಲು ಆಗುವುದಿಲ್ಲ. ಬದಲಿಗೆ ಇನ್ವರ್ಸ್ ಹೈಪರ್‌ಬಾಲಿಕ್ ಸೈನ್ (ಲಾಗ್‌ನಂತೆಯೇ ದೊಡ್ಡ ಸಂಖ್ಯೆಗಳನ್ನು ಕುಗ್ಗಿಸುವ, ಆದರೆ ಸೊನ್ನೆಗಿಂತ ಕೆಳಗಿನ ಸಂಖ್ಯೆಗಳಿಗೂ ನಡೆಯುವ ಫಂಕ್ಷನ್) ಬಳಸಿದವರಿದ್ದರೆ ದಯವಿಟ್ಟು ಅನುಭವ ಹೇಳಿ.